ತಾಳಿಕೆ-ಬಾಳಿಕೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದ ಒಂದು ವಿಷಯವನ್ನು ಬರೆದು ಕಳುಹಿಸಬೇಕೆಂದು ಮುಖ್ಯಾಧ್ಯಾಪಕಿಯವರ ಪತ್ರವು ಬಂದಾಗ, ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತು ಕೆಟ್ಟು ನಿಂತ ಮಿಕ್ಸರನ್ನು ಬಿಚ್ಚುತ್ತಿದ್ದೆನು. ಎಪ್ಪತ್ತು ವರುಷದ ಮುದುಕಿಗೆ ಇದೆಂಥ ಉದ್ಯೋಗವೆಂದು ನೀವು ನಗಬಹುದು. ಈ ಚಾಳಿಯನ್ನು ನನಗೆ ಹಚ್ಚಿದವರು ಇಬ್ಬರು: ಒಬ್ಬಳು ನನ್ನ ಅವ್ವ; ಇನ್ನೊಬ್ಬರು ಇದೇ ಶಾಲೆಯ ಹೊಲಿಗೆಯ ಬಾಯಿಯವರು. ಆದಕಾರಣ ಬೇರೆ ವಿಷಯವನ್ನು ಹುಡುಕುವ ಗೋಜಿಗೆ ಹೋಗದೆ, ಕೈಯೊಳಗಿದ್ದ ವಿಷಯವನ್ನೇ ಓದುಗ ಭಗಿನಿಯರ ಮುಂದೆ ಇಡುತ್ತೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ ನಮ್ಮ ಹಿರಿಯ ಹೆಣ್ಣುಮಕ್ಕಳು ಸಂತೆಯಲ್ಲಿ ಒಂದು ವಸ್ತುವನ್ನು ಕೈಗೆ ತಕ್ಕೊಂಡರೆ, "ಇದರ ತಾಳಿಕಿ-ಬಾಳಿಕಿ ಹೆಂಗೈತಿ?" ಎಂದು ಮೊದಲು ಕೇಳುತ್ತಿದ್ದರು. ಬೆಲೆಯ ಮಾತು ಅದರ ತರುವಾಯ. ಎರಡು ಶಬ್ದಗಳು ಜೋಡಿಯಾಗಿ ಬರುತ್ತಿದ್ದರೂ ಅವು ಒಂದೇ ಅರ್ಥದವುಗಳಲ್ಲವೆಂದು ನನಗೆ ತೋರುತ್ತದೆ. ತಾಳುವದೆಂದರೆ ಪೆಟ್ಟು, ಕಾವು, ಭಾರಗಳನ್ನು ಸಹಿಸಿ ಮುರಿಯದೆ ಇರುವದು. ಬಾಳುವದೆಂದರೆ ಒಮ್ಮೆ ಮುರಿದ ಮೇಲೆಯೂ ದುರಸ್ತಿಯಾಗಿ ತಿರುಗಿ ಕೆಲಸಕ್ಕೆ ಬರುವದು. ಇಂದಿನ ಮನೆಯ ಯಂತ್ರಗಳಲ್ಲಿ ಮೊದಲನೆಯದು ಕಡಿಮೆಯಾಗಿದೆ. ಎರಡನೆಯದು ಹಲವು ಯಂತ್ರಗಳಲ್ಲಿ ಇಲ್ಲವೇ ಇಲ್ಲ. ಇದರಿಂದ ಹಣವಷ್ಟೇ ಹೋಗುತ್ತದೆಂದು ನಾನು ತಿಳಿದಿದ್ದೆನು. ಅದಕ್ಕಿಂತ ದೊಡ್ಡದೊಂದು ನಮ್ಮ ಕೈಬಿಟ್ಟು ಹೋಗುತ್ತಿದೆಯೆಂಬದು ಈಚೆಗೆ ತಿಳಿಯಿತು.

ನನ್ನ ತೌರುಮನೆ ಬನಹಟ್ಟಿ. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳೆಂಬದನ್ನು ಹೇಳಬೇಕಾದದ್ದಿಲ್ಲ. ನಮ್ಮ ಪಡಸಾಲೆಯಲ್ಲಿ ಒಂದು ಕುಣಿಮಗ್ಗವಿತ್ತು. ಅಪ್ಪನು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದನು. ಅವ್ವ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಆ ಮಗ್ಗದಲ್ಲಿ ಮನೆಯವರಿಗೆ ತಿಳಿಯದ ಭಾಗವೆಂಬದು ಒಂದೂ ಇರಲಿಲ್ಲ. ಲಾಳಿ ಸವೆದರೆ ಹೊಸ ಲಾಳಿ. ಹಗ್ಗ ಹರಿದರೆ ಒಂದು ಗಂಟು. ಕಟ್ಟಿಗೆ ಸೀಳಿದರೆ ಓಣಿಯ ತುದಿಯಲ್ಲಿಯೇ ಬಡಿಗರ ಮನೆ. ಅಜ್ಜನ ಕಾಲದ ಮಗ್ಗವೆಂದು ಎಲ್ಲರೂ ಹೇಳುತ್ತಿದ್ದರು. ಅಜ್ಜನು ಮುಟ್ಟಿದ ಕಟ್ಟಿಗೆ ಅದರಲ್ಲಿ ಎಷ್ಟು ಉಳಿದಿತ್ತೋ ದೇವರೇ ಬಲ್ಲ.

ನನಗೆ ಒಂಬತ್ತು ವರುಷವಾದಾಗ ಅಪ್ಪನು ತೀರಿಕೊಂಡನು. ಮಗ್ಗವು ಕಾಕಾನ ಕೈಗೆ ಹೋಯಿತು. ಅವ್ವ ತನ್ನ ಕೊರಳೊಳಗಿನ ಬೋರಮಾಳವನ್ನು ಮಾರಿ, ಕಾಲಿನಿಂದ ತುಳಿಯುವ ಒಂದು ಹೊಲಿಗೆಯ ಯಂತ್ರವನ್ನು ಕೊಂಡಳು. ಅದು ಹೊಸದಲ್ಲ, ಜಮಖಂಡಿಯ ಒಬ್ಬ ಸಿಂಪಿಗರ ಮನೆಯಲ್ಲಿ ಹತ್ತು ವರುಷ ದುಡಿದು ಬಂದದ್ದು. ಕಬ್ಬಿಣದ ಮೈ, ಕಪ್ಪು ಬಣ್ಣ, ಅದರ ಮೇಲೆ ಅರ್ಧ ಅಳಿಸಿದ ಬಂಗಾರದ ಬಳ್ಳಿ. ನಾವು ಮೂವರು ಮಕ್ಕಳ ಅನ್ನವೂ, ನನ್ನ ಶಾಲೆಯ ಫೀಯೂ, ವಸತಿಗೃಹದ ಖರ್ಚೂ ಆ ಯಂತ್ರದ ಸೂಜಿಯಿಂದಲೇ ಬಂದವು.

ಒಂದು ಬೇಸಿಗೆಯಲ್ಲಿ ಮದುವೆಯ ಮನೆಯವರ ಇಪ್ಪತ್ತು ಕುಪ್ಪಸಗಳನ್ನು ಮರುದಿನ ಮುಂಜಾನೆ ಕೊಡಬೇಕಾಗಿತ್ತು. ಆರು ಕುಪ್ಪಸಗಳು ಉಳಿದಿದ್ದಾಗ ಯಂತ್ರವು ಬಿಗಿದು ನಿಂತಿತು. ಗಾಲಿಯನ್ನು ಎಷ್ಟು ಒತ್ತಿದರೂ ತಿರುಗಲೊಲ್ಲದು. ರಾತ್ರಿಯ ಹತ್ತು ಗಂಟೆ, ರಿಪೇರಿಯವರು ರಬಕವಿಯಲ್ಲಿ. ಅವ್ವ ಒಂದು ಒಗೆದ ಬಿಳಿಯ ಅರಿವೆಯನ್ನು ನೆಲದ ಮೇಲೆ ಹಾಸಿ, ತಿರುಪುಳಿಯನ್ನು ಕೈಗೆ ತಕ್ಕೊಂಡಳು. ನಾನು ಕಂದೀಲು ಹಿಡಿದುಕೊಂಡು, "ಅವ್ವಾ, ಪೂರಾ ಕೆಟ್ಟರ ಏನ ಮಾಡೂದು?" ಎಂದು ಅಳುಮೋರೆಯಿಂದ ಕೇಳಿದೆನು.

"ಕೆಟ್ಟಽ ನಿಂತೈತಿ, ಇನ್ನೇನ ಕೆಡತೈತಿ? ನೀ ಕಂದೀಲ ಅಳ್ಳಾಡಿಸಬ್ಯಾಡ" ಎಂದಳು.

ಅವಳು ಒಂದೊಂದೇ ತಿರುಪನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲಿಯೇ ಅರಿವೆಯ ಮೇಲೆ ಸಾಲಾಗಿ ಇಡುತ್ತ ಹೋದಳು. ಬಾಬಿನ್ನಿನ ಮನೆಯ ಒಳಗೆ ಮುರಿದ ಸೂಜಿಯ ತುದಿಯೊಂದು ನೂಲಿನ ಕಸದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಎಣ್ಣೆಯ ಬಟ್ಟೆಯಿಂದ ಒರಸಿ, ಸಾಲಿನ ಕೊನೆಯಿಂದ ಮೊದಲಿನ ಕಡೆಗೆ ಎಲ್ಲವನ್ನೂ ತಿರುಗಿ ಕೂಡ್ರಿಸಿದಳು. ಯಂತ್ರವು ಸುಸೂತ್ರವಾಗಿ ಓಡಿತು. ಆದರೆ ಅರಿವೆಯ ಮೇಲೆ ಒಂದು ಸಣ್ಣ ತಿರುಪು ಉಳಿದುಬಿಟ್ಟಿತ್ತು! ನನಗೆ ನಿದ್ದೆ ತೂಗುತ್ತಿತ್ತು. "ಹೆಂಗೂ ಓಡಾಕತ್ತೈತೆಲ್ಲ, ಬಿಡವ್ವಾ" ಎಂದೆನು. "ಅದು ಸುಮ್ಮನ ಬಂದಿಲ್ಲ. ಅದಕ್ಕೂ ಒಂದು ಮನಿ ಇರತೈತಿ" ಎಂದು ಅವಳು ಮತ್ತೆ ಎಲ್ಲವನ್ನೂ ಬಿಚ್ಚಿ, ಆ ತಿರುಪಿನ ಮನೆಯನ್ನು ಹುಡುಕಿ ಕೂಡ್ರಿಸಿದ ಮೇಲೆಯೇ ಉಳಿದ ಆರು ಕುಪ್ಪಸಗಳನ್ನು ಹೊಲಿದಳು. ನಸುಕಿನ ಕೋಳಿ ಕೂಗುವಾಗ ಕೊನೆಯ ಕುಪ್ಪಸದ ಗುಂಡಿ ಕೂತಿತು. ಅವ್ವ ಅಕ್ಷರ ಕಲಿತವಳಲ್ಲ. ಆದರೂ ಅಂದಿನಿಂದ ಆ ಯಂತ್ರದ ವಿಷಯದಲ್ಲಿ ಅವಳಿಗೆ ಯಾರ ಭಯವೂ ಇರಲಿಲ್ಲ.

ಎಂಟನೆಯ ಇಯತ್ತೆಗೆ ನಾನು ಈ ಶಾಲೆಗೆ ಬಂದಾಗ, ಹೊಲಿಗೆಯ ಕೋಣೆಯಲ್ಲಿ ಅಂಥವೇ ಕಪ್ಪು ಯಂತ್ರಗಳ ಸಾಲನ್ನು ಕಂಡು ನನಗೆ ತೌರನ್ನು ಕಂಡಂತಾಯಿತು. ನಮ್ಮ ಬಾಯಿಯವರ ಒಂದು ನಿಯಮವಿತ್ತು. ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವಿನ ಕಸ ತೆಗೆದು, ಎಣ್ಣೆಯ ರಂಧ್ರಗಳನ್ನು ಒಂದೊಂದಾಗಿ ತೋರಿಸದ ಹೊರತು ಯಾವ ಹುಡುಗಿಯೂ ಒಂದು ಹೊಲಿಗೆಯನ್ನು ಹಾಕಕೂಡದು. ಚರ್ಮದ ಪಟ್ಟಾ ಸಡಿಲಾದರೆ ಅದನ್ನು ಎಷ್ಟು ಕತ್ತರಿಸಿ ಯಾವ ಕೊಂಡಿಯಿಂದ ಸೇರಿಸಬೇಕೆಂಬದೂ ಪರೀಕ್ಷೆಯ ವಿಷಯವೇ ಆಗಿತ್ತು. ಹೊಲಿಯುವ ಆತುರದಲ್ಲಿದ್ದ ನಮಗೆ ಇದು ಶಿಕ್ಷೆಯೆಂದು ತೋರುತ್ತಿತ್ತು. ಅದು ಶಿಕ್ಷಣವೆಂಬದು ಸಂಸಾರಕ್ಕೆ ಬಿದ್ದ ಮೇಲೆ ತಿಳಿಯಿತು.

ಮದುವೆಯಾಗಿ ಜಮಖಂಡಿಗೆ ಬಂದ ಕಾಲಕ್ಕೆ ದುರಸ್ತಿಯೆಂಬದು ಬೀದಿಯ ಬಾಳಿನ ಒಂದು ಭಾಗವಾಗಿತ್ತು. ವರುಷಕ್ಕೆ ಒಂದೆರಡು ಸಲ ಕಲಾಯಿಯ ಚಾಚಾ ಬಂದು ಬೇವಿನ ಗಿಡದ ಕೆಳಗೆ ತಿದಿ ಹೂಡುತ್ತಿದ್ದರು. ಕಾದ ಹಿತ್ತಾಳೆಯ ಪಾತ್ರೆಯಲ್ಲಿ ನವಸಾಗರದ ಪುಡಿಯನ್ನು ಉದುರಿಸಿ, ತವರವನ್ನು ಮುಟ್ಟಿಸಿ, ಅರಳೆಯಿಂದ ಸರಕ್ಕನೆ ತಿಕ್ಕಿದರೆ ಕಪ್ಪು ಪಾತ್ರೆಯ ಒಡಲು ಬೆಳ್ಳಿಯಾಗುತ್ತಿತ್ತು. ಹುಳಿ ಪದಾರ್ಥಕ್ಕೆ ಕಿಲುಬು ಏರದಂತೆ ಕಾಯುವ ಆ ತೆಳುವಾದ ಪದರವು ಸವೆಯುವದಕ್ಕೇ ಇದ್ದದ್ದು. ಸವೆದರೆ ಮತ್ತೊಮ್ಮೆ ಹಚ್ಚುವದು, ಪಾತ್ರೆ ಮಾತ್ರ ಮಗಳಿಂದ ಮೊಮ್ಮಗಳಿಗೆ ಹೋಗುವದು. ಪಂಪಿನ ಸ್ಟೋವೂ ಅದೇ ಜಾತಿಯದು. ೧೮೯೨ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿದ ಪ್ರೈಮಸ್ ಸ್ಟೋವಿನ ವಂಶದ ಒಂದು ಹಿತ್ತಾಳೆಯ ಸ್ಟೋವು ನಮ್ಮ ಅತ್ತೆಯವರ ಅಡಿಗೆಮನೆಯಲ್ಲಿತ್ತು. ಪಂಪು ಗಾಳಿ ಹಿಡಿಯದಿದ್ದರೆ ಒಳಗಿನ ಚರ್ಮದ ವಾಶರಿಗೆ ಎಣ್ಣೆ. ಉರಿ ಕುಗ್ಗಿದರೆ ಬಾಯಿಗೆ ಪಿನ್ನು. ವಿದ್ಯುತ್ತಿನ ಇಸ್ತ್ರಿ ಬಂದ ಮೇಲೆಯೂ, ಅದರ ಸುರುಳಿ ಸುಟ್ಟರೆ ಅಭ್ರಕದ ಹಾಳೆಗೆ ಸುತ್ತಿದ ಹೊಸ ಸುರುಳಿಯನ್ನು ಬಜಾರಿನಿಂದ ತಂದು ಯಜಮಾನರು ಮನೆಯಲ್ಲಿಯೇ ಹಾಕುತ್ತಿದ್ದರು. ಇಂದಿನ ಎಷ್ಟೋ ಇಸ್ತ್ರಿಗಳಲ್ಲಿ ಕಾಯುವ ಸುರುಳಿಯನ್ನು ತಳದ ಲೋಹದೊಳಗೇ ಎರಕ ಹೊಯ್ದಿರುತ್ತಾರೆ; ಸುಟ್ಟರೆ ತಳವೇ ಹೋಯಿತು.

ಇಷ್ಟನ್ನು ಓದಿ, ಮುದುಕಿಯು ಹಳೆಯ ಕಾಲವನ್ನು ಹೊಗಳುತ್ತಿದ್ದಾಳೆಂದು ತಿಳಿಯಬೇಡಿರಿ. ಬೀಸುವ ಕಲ್ಲಿನ ಹಾಡುಗಳನ್ನು ಹೊಗಳುವವರು ಬಹುತರವಾಗಿ ಬೀಸಿದವರಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸಿ, ಒಳಕಲ್ಲಿನಲ್ಲಿ ಖಾರ ಅರೆದು, ಅಂಗೈ ಉರಿಯುತ್ತಿದ್ದಂತೆಯೇ ರೊಟ್ಟಿ ಬಡಿದವರನ್ನು ನಾನು ಕಂಡಿದ್ದೇನೆ. ಗಿರಣಿಯೂ ಮಿಕ್ಸರೂ ನಮ್ಮ ಹೆಣ್ಣುಮಕ್ಕಳ ಹೆಗಲಿನಿಂದ ದೊಡ್ಡ ಹೊರೆಯನ್ನು ಇಳಿಸಿದವು. ಇದಲ್ಲದೆ ನಮ್ಮ ದೇಶದ ಮಿಕ್ಸರಿನ ಜನ್ಮವೇ ಒಂದು ರಿಪೇರಿಯ ಕಥೆಯಾಗಿದೆ. ೧೯೬೦ರ ದಶಕದಲ್ಲಿ ಮುಂಬಯಿಯ ಮಾಧುರಿ ಮಾಥುರ ಎಂಬ ಗೃಹಿಣಿಯ ವಿದೇಶೀ ಮಿಕ್ಸರು ಸುಟ್ಟುಹೋಯಿತು. ಅದನ್ನು ನೆಟ್ಟಗೆ ಮಾಡುವವರು ಇಲ್ಲಿ ದೊರೆಯಲಿಲ್ಲ. ಅವರ ಪತಿ ಸತ್ಯಪ್ರಕಾಶ ಮಾಥುರರು ಇಂಜಿನಿಯರರು. ನೆನೆಸಿದ ಬೇಳೆ, ಒಣ ಮೆಣಸಿನಕಾಯಿ, ಅರಿಶಿಣದಂಥ ನಮ್ಮ ಗಟ್ಟಿ ಪದಾರ್ಥಗಳಿಗೆ ತಡೆಯಬಲ್ಲ ಮೋಟರನ್ನು ಅವರು ರಚಿಸಿದರು. ಹೀಗೆ ಸುಮೀತ್ ಮಿಕ್ಸರು ಹುಟ್ಟಿತು.

ಒಳ್ಳೆಯ ಮಿಕ್ಸರಿನಲ್ಲಿ ಒಂದು ಬುದ್ಧಿವಂತಿಕೆಯಿದೆ. ಮೋಟರಿನ ತಲೆಗೂ ಜಾರಿನ ಬುಡಕ್ಕೂ ನಡುವೆ ರಬ್ಬರಿನದೋ ನೈಲಾನಿನದೋ ಒಂದು ಕಪ್ಲರ್ ಇರುತ್ತದೆ. ಜಾರಿನ ಅಲಗು ಬಿಗಿದು ನಿಂತರೆ ಮೊದಲು ಈ ಸೋವಿ ವಸ್ತುವಿನ ಹಲ್ಲುಗಳು ಹೋಗುತ್ತವೆ. ಬೆಲೆಯುಳ್ಳ ಮೋಟರು ಉಳಿಯುತ್ತದೆ. ಮೋಟರಿನೊಳಗಿನ ಕಾರ್ಬನ್ ಬ್ರಶ್ಶುಗಳೂ ಸವೆಯತಕ್ಕವುಗಳೇ, ಬದಲಿಸಿದರೆ ಮುಗಿಯಿತು. ಪ್ರೆಶರ್ ಕುಕ್ಕರಿನ ರಬ್ಬರಿನ ಬಳೆ, ಸುರಕ್ಷತೆಯ ವಾಲ್ವು, ಸೀಟಿ, ಹಿಡಿಕೆ ಇವೆಲ್ಲವೂ ಬಜಾರಿನಲ್ಲಿ ಬಿಡಿಯಾಗಿ ದೊರೆಯುತ್ತವೆ. ಆದಕಾರಣವೇ ಮೂವತ್ತು ವರುಷದ ಕುಕ್ಕರುಗಳು ಇಂದಿಗೂ ನಮ್ಮ ಒಲೆಗಳ ಮೇಲಿವೆ. ಯಾವ ಭಾಗವು ಸೋಲಬೇಕೆಂಬದನ್ನು ಮೊದಲೇ ಎಣಿಸಿ, ಅದನ್ನು ಸೋವಿಯಾಗಿಯೂ ಕೈಗೆಟುಕುವಂತೆಯೂ ಇಟ್ಟ ಯಂತ್ರವು ಬಾಳುತ್ತದೆ. ಲೇಖನದ ಮೊದಲಿಗೆ ಹೇಳಿದ ನನ್ನ ಮಿಕ್ಸರಿಗೆ ಆದದ್ದೂ ಕಪ್ಲರಿನ ರೋಗವೇ. ಸಂಜೆಯೊಳಗೆ ಅದು ಮತ್ತೆ ಶೇಂಗಾದ ಚಟ್ನಿ ಅರೆಯಿತು.

ಇನ್ನು ಮನಸ್ಸಿಗೆ ನೋವಾದ ಸಂಗತಿ. ನನ್ನ ಮಗಳು ಕವಿ ರನ್ನನ ಊರಾದ ಮುಧೋಳದಲ್ಲಿರುತ್ತಾಳೆ. ಅವಳ ಬಟ್ಟೆ ಒಗೆಯುವ ಯಂತ್ರವು ನಾಲ್ಕನೆಯ ವರುಷದಲ್ಲಿ ನಿಂತುಹೋಯಿತು. ಎಂಟು ದಿವಸ ಕಾದ ಮೇಲೆ ಪರಸ್ಥಳದಿಂದ ಒಬ್ಬ ತರುಣನು ಬಂದು, ಹಿಂಬದಿಯ ಮುಚ್ಚಳವನ್ನು ತೆಗೆದು ಎರಡು ನಿಮಿಷ ನೋಡಿ, "ಬೋರ್ಡ ಹೋಗೈತ್ರಿ" ಎಂದನು. ಅಂಗೈಯಗಲದ ಆ ಹಲಗೆಯನ್ನು ರಾಳದಂಥ ಒಂದು ದ್ರವದಲ್ಲಿ ಮುಳುಗಿಸಿ ಗಟ್ಟಿಗೊಳಿಸಿದ್ದರು. ತೇವವೂ ಹುಳುಗಳೂ ಒಳಗೆ ಹೋಗಬಾರದೆಂದು ಹಾಗೆ ಮಾಡುತ್ತಾರಂತೆ, ಅದು ನಿಜವೇ. ಆದರೆ ರಿಪೇರಿಯವನ ಕೈಯೂ ಒಳಗೆ ಹೋಗದು. "ತಮ್ಮಾ, ಅದರಾಗ ಯಾವ ಭಾಗ ಕೆಟ್ಟೈತಿ?" ಎಂದು ಕೇಳಿದೆನು. "ಅದು ನಮಗೂ ತಿಳಿಯೂದಿಲ್ರಿ ಅಮ್ಮಾರ. ನಾವು ಬದಲ ಮಾಡೂದಷ್ಟಽ" ಎಂದನು. ಹೊಸ ಬೋರ್ಡಿನ ಬೆಲೆ ಯಂತ್ರದ ಬೆಲೆಯ ಅರ್ಧದ ಹತ್ತಿರ. ಅದಾದರೂ ದೊರೆಯುವದೋ ಎಂದರೆ, ಆ ನಮೂನೆಯನ್ನು ಮಾಡುವದೇ ನಿಂತಿತ್ತು. ಮೋಟರು ಗಟ್ಟಿಯಾಗಿತ್ತು, ತೊಟ್ಟಿ ಹೊಳೆಯುತ್ತಿತ್ತು. ಯಂತ್ರವು ಮಾತ್ರ ಗುಜರಿಗೆ ಹೋಯಿತು. ನನಗೆ ಕೆಡುಕೆನಿಸಿದ್ದು ಆ ತರುಣನಿಗಾಗಿ. ನನ್ನ ನಿರಕ್ಷರಿ ಅವ್ವ ತನ್ನ ಯಂತ್ರದ ಬಗ್ಗೆ ತಿಳಿದಷ್ಟು, ಪ್ರಮಾಣಪತ್ರ ಪಡೆದ ಅವನಿಗೆ ತನ್ನ ಉದ್ಯೋಗದ ಯಂತ್ರದ ಬಗ್ಗೆ ತಿಳಿಯಲು ಎಡೆಯೇ ಇರಲಿಲ್ಲ.

ಅದೇ ತಿಂಗಳು ಒಂದು ಮದುವೆಗಾಗಿ ಬನಹಟ್ಟಿಗೆ ಹೋದೆನು. ಕುಣಿಮಗ್ಗಗಳು ಬಹಳ ಕಡಿಮೆಯಾಗಿವೆ. ಕಾಕಾನ ಮಗನು ವಿದ್ಯುತ್ ಮಗ್ಗಗಳ ಒಂದು ಚಪ್ಪರವನ್ನು ಹಾಕಿಕೊಂಡಿದ್ದಾನೆ. ಆ ಮಗ್ಗಗಳು ಹಲವು ದಶಕಗಳ ಹಿಂದೆ ಇಚಲಕರಂಜಿಯಿಂದ ಬಳಸಿದವುಗಳಾಗಿಯೇ ಬಂದವು. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಉದ್ಯಮವು ೧೯೦೪ರಿಂದ ನಡೆದುಬಂದದ್ದು. ಅಲ್ಲಿ ಎಷ್ಟು ಕೈಗಳನ್ನು ದಾಟಿ ಬಂದವೋ ಯಾರಿಗೂ ಗೊತ್ತಿಲ್ಲ. ಅವುಗಳ ಖಟಖಟ ಸಪ್ಪಳದಲ್ಲಿ ಮಾತು ಕೇಳಿಸದು. ಲಾಳಿಯನ್ನು ಹೊಡೆಯುವ ಪಿಕ್ಕರನ್ನು ಮೊದಲು ಎಮ್ಮೆಯ ಚರ್ಮದಿಂದ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಹಲ್ಲಿನ ಗಾಲಿ ಮುರಿದರೆ ಅದರ ಜೋಡಿಯು ಪೇಟೆಯಲ್ಲಿ ದೊರೆಯುತ್ತದೆ. ದುರಸ್ತಿಯವರು ಅದೇ ಓಣಿಯಲ್ಲಿದ್ದಾರೆ. ಅಜ್ಜನ ಮಗ್ಗದ ನ್ಯಾಯವೇ ಇಲ್ಲಿಯೂ ನಡೆದಿದೆ. ಚಪ್ಪರದಲ್ಲಿ ಎಷ್ಟೋ ಹಳೆಯ ಯಂತ್ರವು ಹಗಲಿರುಳು ದುಡಿಯುತ್ತಿದೆ. ಅದೇ ಮನೆಯ ಒಳಗೆ ಮೂರು ವರುಷದ ನೀರು ಕಾಯಿಸುವ ಯಂತ್ರವು ಸತ್ತು ಮೂಲೆಯಲ್ಲಿ ಕುಳಿತಿದೆ. ಯಂತ್ರವಾದ್ದರಿಂದ ಬಾಳಿಕೆ ಕಡಿಮೆಯೆಂಬ ಮಾತು ಸುಳ್ಳೆಂದು ಅಲ್ಲಿ ನನಗೆ ಮನವರಿಕೆಯಾಯಿತು. ನೇಕಾರನು ಬಿಚ್ಚಲಿಕ್ಕೆ ಬಾರದ ಮಗ್ಗವನ್ನು ಕೊಳ್ಳಲಾರನು. ಅದು ಅವನ ಹೊಟ್ಟೆಯ ಪ್ರಶ್ನೆ. ನಾವು ಮನೆಗೆ ಯಂತ್ರ ಕೊಳ್ಳುವಾಗ ಬಣ್ಣವನ್ನು ಕೇಳುತ್ತೇವೆ, ಕಂತನ್ನು ಕೇಳುತ್ತೇವೆ. ತಾಳಿಕೆ-ಬಾಳಿಕೆಯನ್ನು ಕೇಳುವದನ್ನು ಮರೆತಿದ್ದೇವೆ.

ತಪ್ಪೆಲ್ಲವೂ ನಮ್ಮದೇ ಎಂದು ಹೇಳುವದೂ ನ್ಯಾಯವಲ್ಲ. ೧೯೨೪ರ ಡಿಸೆಂಬರದಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿದ್ಯುದ್ದೀಪದ ಕಂಪನಿಗಳು ಜಿನೀವಾದಲ್ಲಿ ಕೂಡಿ ಫೀಬಸ್ ಎಂಬ ಒಂದು ಕೂಟವನ್ನು ಕಟ್ಟಿದವು. ದೀಪವೊಂದು ಸಾವಿರ ಗಂಟೆಗಿಂತ ಹೆಚ್ಚು ಉರಿಯದಂತೆ ಮಾಡಬೇಕೆಂದು ಗೊತ್ತುಪಡಿಸಿ, ಹೆಚ್ಚು ಬಾಳುವ ದೀಪವನ್ನು ಮಾಡಿದವರಿಗೆ ದಂಡವನ್ನೂ ವಿಧಿಸಿದವು. ಎರಡನೆಯ ಮಹಾಯುದ್ಧದೊಂದಿಗೆ ಆ ಕೂಟವು ಮುರಿಯಿತು. ಇನ್ನೊಂದು ಕಾರಣವು ಯಾರ ಸಂಚೂ ಅಲ್ಲ: ದೊಡ್ಡ ಕಾರಖಾನೆಯಲ್ಲಿ ಲಕ್ಷಗಟ್ಟಲೆ ಮಾಡಿದ ಹೊಸ ವಸ್ತುವಿನ ಬೆಲೆ ಇಳಿಯುತ್ತ ಹೋಗುತ್ತದೆ, ಒಬ್ಬನು ಕುಳಿತು ಒಂದನ್ನು ನೆಟ್ಟಗೆ ಮಾಡುವ ಕೂಲಿಯು ಹಾಗೆ ಇಳಿಯಲಾರದು. ಹೊಸ ಯಂತ್ರಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಕ್ಯಾಲಿಫೋರ್ನಿಯದ ಲಿವರ್ಮೋರಿನಲ್ಲಿ ೧೯೦೧ರಿಂದ ಉರಿಯುತ್ತಿರುವ ಒಂದು ದೀಪವಿದೆ. ಆದರೆ ಅದರ ಬೆಳಕಿನಲ್ಲಿ ಪುಸ್ತಕ ಓದಲಿಕ್ಕಾಗದು. ಹಳೆಯ ಚಾವಣಿಯ ಪಂಖಾಕ್ಕೆ ಎಪ್ಪತ್ತೈದು ವ್ಯಾಟ್ ಬೇಕಾಗಿದ್ದರೆ ಹೊಸ ತರದವು ಅದರ ಅರ್ಧದಲ್ಲಿಯೇ ತಿರುಗುತ್ತವೆ. ಇವು ನಿಜವಾದ ಲಾಭಗಳು. ಆದರೆ ಕಡಿಮೆ ವಿದ್ಯುತ್ತು ಬಳಸುವ ಯಂತ್ರಕ್ಕೆ ತಿರುಪು ಇರಬಾರದೆಂಬ ಶಾಸ್ತ್ರವೇನೂ ಇಲ್ಲವಷ್ಟೆ!

ಇದು ಶ್ರೀಮಂತರ ಮನೆಯ ದೂರೆಂದು ಯಾರಾದರೂ ಅಂದರೆ, ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಕೇಳಬೇಕು. ಗಂಡನು ಅಪಘಾತದಲ್ಲಿ ಕಾಲು ಕಳೆದುಕೊಂಡು ಮನೆಯಲ್ಲಿದ್ದಾನೆ. ಅವಳು ಮಹಿಳಾ ಸಂಘದಿಂದ ಸಾಲ ಪಡೆದು, ಗುಂಡಿ ಒತ್ತಿದರೆ ಹತ್ತಾರು ತರದ ಹೊಲಿಗೆ ಹಾಕುವ ಹೊಸ ಯಂತ್ರವನ್ನು ಇಪ್ಪತ್ತುನಾಲ್ಕು ಕಂತುಗಳ ಮೇಲೆ ತಂದಳು. ಮಾರಿದವರ ವಾಯಿದೆ ಒಂದು ವರುಷದ್ದು. ಹದಿನಾಲ್ಕನೆಯ ತಿಂಗಳಲ್ಲಿ, ಮದುವೆಯ ಸುಗ್ಗಿಯ ನಡುವೆ, ಯಂತ್ರವು ಒಮ್ಮೆ ಮಿನುಗಿ ಆರಿಹೋಯಿತು. ಇಲ್ಲಿಯೂ ಅದೇ ಬೋರ್ಡಿನ ಮಾತು. ಬೆಳಗಾವಿಗೆ ಕಳುಹಿಸಿ ತಿಂಗಳೊಪ್ಪತ್ತು ಕಾದಳು, ಬಿಡಿಭಾಗ ಬರಲಿಲ್ಲ. ಹೊಲಿಯಲು ಕೊಟ್ಟ ಅರಿವೆಗಳನ್ನು ಅವಳು ಮನೆಮನೆಗೆ ತಿರುಗಿ ಕೊಟ್ಟುಬಂದದ್ದನ್ನು ನಾನು ನೋಡಿದೆನು. ಕಂತುಗಳು ಇನ್ನೂ ಹತ್ತು ಉಳಿದಿದ್ದವು, ಯಂತ್ರವು ಮುಗಿದಿತ್ತು. ನನ್ನ ಅವ್ವನ ಆ ರಾತ್ರಿ ನೆನಪಾಯಿತು. ಕಷ್ಟವು ಇಬ್ಬರದೂ ಒಂದೇ. ಆದರೆ ಅವ್ವನ ಕೈಯಲ್ಲಿ ತಿರುಪುಳಿಯಿತ್ತು, ಇವಳ ಕೈಯಲ್ಲಿ ಕಂತಿನ ಪುಸ್ತಕವಿತ್ತು. ಬಿಚ್ಚಲಿಕ್ಕೆ ಬಾರ‍ದ ವಸ್ತುವು ನಮ್ಮ ಮನೆಯಲ್ಲಿದ್ದರೂ ಪೂರ್ಣವಾಗಿ ನಮ್ಮದಲ್ಲ. ನಮ್ಮ ಕೈಬಿಟ್ಟು ಹೋಗುತ್ತಿದೆಯೆಂದು ಮೊದಲಿಗೆ ಹೇಳಿದ್ದು ಈ ಒಡೆತನವೇ.

ಬೀಳಗಿಯ ಕಡೆಗೆ ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಚಿಗವ್ವನ ಮನೆಯೂ ನನಗೆ ಇದೇ ಪಾಠವನ್ನು ಹೇಳಿತು. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ಆಲಮಟ್ಟಿಯ ಜಲಾಶಯದಲ್ಲಿ ೫೧೯.೬ ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಹಿನ್ನೀರು ಏರುತ್ತ ಬಂದಂತೆ ಊರು ಬಿಡಬೇಕಾಯಿತು. ಆಗ ಚಿಗವ್ವನ ಮಕ್ಕಳು ಹಳೆಯ ಮನೆಯ ಬೆಣೆಗಳನ್ನು ಬಡಿದು ತೆಗೆದು, ಕಂಬ, ತೊಲೆ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಗಾಡಿಯ ಮೇಲೆ ಹೇರಿದರು. ಪುನರ್ವಸತಿಯ ಹೊಸ ಮನೆಗೆ ಅದೇ ತಲೆಬಾಗಿಲು, ಬಚ್ಚಲಿಗೆ ಅದೇ ತಾಮ್ರದ ಹಂಡೆ. ನಡುವೆ ಕಟ್ಟಿಸಿದ್ದ ಸಿಮೆಂಟಿನ ಕೋಣೆಯೊಂದು ಮಾತ್ರ ನೀರಿನಲ್ಲಿಯೇ ಉಳಿಯಿತು. "ಕೂಡಿಸಿದ್ದು ಬಂತು, ಎರಕಾ ಹೊಯ್ದದ್ದು ಹೋತು" ಎಂದು ಚಿಗವ್ವ ಹೇಳುತ್ತಿದ್ದಳು.

ಜಗತ್ತು ಈ ವಿಷಯದಲ್ಲಿ ಎಚ್ಚರಗೊಳ್ಳುತ್ತಿರುವದು ಸಂತೋಷದ ಮಾತು. ೨೦೨೧ರ ಜನವರಿಯಿಂದ ಫ್ರಾನ್ಸ್ ದೇಶದಲ್ಲಿ ಕೆಲವು ಯಂತ್ರಗಳ ಮೇಲೆ, ಅವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬದಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ಹಚ್ಚಬೇಕಾಯಿತು. ಅದೇ ವರುಷದ ಮಾರ್ಚಿನಿಂದ ಯುರೋಪಿನ ಒಕ್ಕೂಟದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಮುಖ್ಯ ಬಿಡಿಭಾಗಗಳನ್ನು ಹತ್ತು ವರುಷ ಒದಗಿಸಬೇಕೆಂಬ ಕಟ್ಟಳೆಯು ಜಾರಿಗೆ ಬಂದಿತು. ನಮ್ಮ ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ವಿಚಾರಕ್ಕಾಗಿ ೨೦೨೨ರ ಜುಲೈಯಲ್ಲಿ ಒಂದು ಸಮಿತಿಯನ್ನು ನೇಮಿಸಿ, ಅದೇ ಡಿಸೆಂಬರದಲ್ಲಿ ಕಂಪನಿಗಳ ದುರಸ್ತಿಯ ಮಾಹಿತಿಯನ್ನು ಒಂದೆಡೆ ಕೊಡುವ ಜಾಲತಾಣವನ್ನು ತೆರೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ೨೦೦೯ರಲ್ಲಿ ಮಾರ್ಟಿನ್ ಪೊಸ್ತ್‌ಮಾ ಎಂಬ ಮಹಿಳೆಯು, ನೆರೆಹೊರೆಯವರು ಕೂಡಿ ಕುಳಿತು ಕೆಟ್ಟ ವಸ್ತುಗಳನ್ನು ತಾವೇ ನೆಟ್ಟಗೆ ಮಾಡುವ ರಿಪೇರಿ ಕೆಫೆಯನ್ನು ಆರಂಭಿಸಿದರು. ೨೦೧೫ರಲ್ಲಿ ಬೆಂಗಳೂರಿನಲ್ಲಿಯೂ ಇಬ್ಬರು ಮಹಿಳೆಯರು ಅಂಥದನ್ನು ನಡೆಯಿಸತೊಡಗಿದರು. ಅದರಲ್ಲಿ ಹೆಣ್ಣುಮಕ್ಕಳೇ ಮುಂದಾದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಈಗ ಈ ಶಾಲೆಯಲ್ಲಿ ಓದುತ್ತಿರುವ ಪ್ರಿಯ ಕನ್ಯೆಯರಿಗೆ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ಯಂತ್ರವನ್ನು ಕೊಳ್ಳುವ ಮೊದಲು ಅಂಗಡಿಯವರನ್ನು ನಾಚಿಕೆಯಿಲ್ಲದೆ ಕೇಳಿರಿ: ಇದರ ಬಿಡಿಭಾಗ ನಮ್ಮ ಊರಿನಲ್ಲಿ ದೊರೆಯುವದೇ? ಎಷ್ಟು ವರುಷ ದೊರೆಯುವದು? ಇದನ್ನು ತಿರುಪುಗಳಿಂದ ಕೂಡಿಸಿದ್ದಾರೋ, ಅಂಟಿನಿಂದ ಹಚ್ಚಿದ್ದಾರೋ? ಒಬ್ಬಳು ಕೇಳಿದರೆ ಅಂಗಡಿಯವರು ನಗುವರು. ನೂರು ಜನರು ಕೇಳಿದರೆ ಕಂಪನಿಯವರಿಗೆ ಬರೆಯುವರು. ಕುಕ್ಕರಿನ ಬಳೆ, ಮಿಕ್ಸರಿನ ಕಪ್ಲರು, ನಲ್ಲಿಯ ವಾಶರು, ಇಂಥವುಗಳನ್ನು ಬದಲಿಸುವದನ್ನು ಅಣ್ಣತಮ್ಮಂದಿರಿಗೆ ಬಿಡದೆ ನೀವೇ ಕಲಿಯಿರಿ. ಬಿಚ್ಚುವ ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡಿರಿ. ಮೈಕ್ರೋವೇವ್ ಒಲೆಯಂಥವುಗಳಲ್ಲಿ ಪ್ಲಗ್ಗು ಕಿತ್ತ ಮೇಲೆಯೂ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆಯಾದ್ದರಿಂದ ಅವನ್ನೂ, ಗ್ಯಾಸಿನ ಒಲೆಯನ್ನೂ ಬಲ್ಲವರಿಗೇ ಬಿಡಿರಿ. ಕೊನೆಯದಾಗಿ, ಓಣಿಯ ರಿಪೇರಿಯವರು ಕೇಳುವ ಐವತ್ತು ರೂಪಾಯಿಗೆ ಚೌಕಾಶಿ ಮಾಡಬೇಡಿರಿ. ಅವರ ಅಂಗಡಿ ಮುಚ್ಚಿದ ದಿನ ನಮ್ಮ ಮನೆಯ ಯಂತ್ರಗಳ ಅರ್ಧ ಆಯುಷ್ಯವು ಮುಗಿಯಿತೆಂದು ತಿಳಿಯಿರಿ.

ಅವ್ವ ತೀರಿಕೊಂಡ ಮೇಲೆ ಅವಳ ಯಂತ್ರವು ಜಮಖಂಡಿಯ ನನ್ನ ಮನೆಗೆ ಬಂದಿತ್ತು; ಹಲವು ವರುಷ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಗುಜರಿಗೆ ಹಾಕೋಣವೆಂದು ಮಗನು ಎರಡು ಸಲ ಅಂದಿದ್ದನು. ಕಳೆದ ದೀಪಾವಳಿಯ ತರುವಾಯ ನಾನು ಓಣಿಯ ಆ ಹೆಣ್ಣುಮಗಳನ್ನು ಕರೆದು, "ಬಾ ತಂಗಿ, ಇದನ್ನು ಕೆಳಗ ಇಳಿಸೂಣು" ಎಂದೆನು. ಇಬ್ಬರೂ ಕೂಡಿ ಬಿಚ್ಚಿದೆವು. ಒಣಗಿ ಜಿಗುಟಾಗಿದ್ದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಿಂದ ತೊಳೆದು, ಹೊಸ ಎಣ್ಣೆ ಬಿಟ್ಟು, ಹರಿದ ಪಟ್ಟಾವನ್ನು ಬದಲಿಸಿದೆವು. ಅದರ ಗಾಲಿಯ ಪಕ್ಕದಲ್ಲಿ ಒಂದು ಸಣ್ಣ ಮೋಟರನ್ನು ಕೂಡ್ರಿಸಲು ಬರುತ್ತದೆ. ಪೇಟೆಯಿಂದ ಅದನ್ನೂ ತರಿಸಿದೆವು. ಹಳೆಯ ಮೈಗೆ ಹೊಸ ಶಕ್ತಿ ಬಂದಿತು. ಅವಳೀಗ ಅದರಿಂದಲೇ ಹೊಲಿಯುತ್ತಾಳೆ. ಉಳಿದ ಕಂತುಗಳು ಒಂದೊಂದಾಗಿ ತೀರುತ್ತಿವೆ.

ಆ ದಿನ ಅವಳ ಹತ್ತು ವರುಷದ ಮಗಳು ಮೊಬೈಲಿನ ದೀಪವನ್ನು ಹಿಡಿದು ಕುಳಿತಿದ್ದಳು. ಬಿಳಿಯ ಅರಿವೆಯ ಮೇಲೆ ಇಟ್ಟ ತಿರುಪುಗಳನ್ನು ಎಣಿಸುವ ಕೆಲಸವನ್ನು ನಾನು ಅವಳಿಗೆ ಕೊಟ್ಟಿದ್ದೆನು. ಎಲ್ಲವನ್ನೂ ತಿರುಗಿ ಕೂಡ್ರಿಸಿದ ಮೇಲೆ ಅವಳು ಬರಿದಾದ ಅರಿವೆಯನ್ನು ಝಾಡಿಸಿ ನೋಡಿ, "ಒಂದೂ ಉಳದಿಲ್ಲ, ಅಮ್ಮಾ" ಎಂದಳು. ಬರುವ ವರುಷಗಳಲ್ಲಿ ಅವಳು ನಮ್ಮ ಈ ಶಾಲೆಗೆ ಬರಬೇಕೆಂದು ನನ್ನ ಆಸೆ. ಹೊಲಿಗೆಯ ಕೋಣೆಯಲ್ಲಿ ಅಂದಿನ ಬಾಯಿಯವರ ನಿಯಮವು ಇನ್ನೂ ಉಳಿದಿರಲಿ ಎಂದು ಹಾರೈಸಿ, ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.